ಪಲ್ಲವಿಗೇ ಸುಸ್ತಾಗುವ ಹಾಡುಗಳು

ಹೊಸ ಹಾಡೊಂದು ಬಿಡುಗಡೆಯಾದ ದಿನ ಅದರ ಪಲ್ಲವಿಯನ್ನು ಮೆಚ್ಚಿಕೊಳ್ಳುವುದು ಕಷ್ಟವಲ್ಲ. ಮಟ್ಟು ಹಾಕಿದವರು, ಸಾಹಿತ್ಯ ಬರೆದವರು, ಕುಣಿಸಿದ ಡಾನ್ಸ್ ಮಾಸ್ಟರು ಎಲ್ಲರೂ ಬೆವರು ಸುರಿಸಿರುವುದು ಅಲ್ಲೇ. ರೀಲ್ಸ್‌ಗೆ ಬೇಕಿರುವುದು ಅರ್ಧ ನಿಮಿಷ. ಆ ಅರ್ಧ ನಿಮಿಷ ಗೆದ್ದರೆ ನಿರ್ಮಾಪಕರಿಗೆ ನೆಮ್ಮದಿ. ಹಾಗಾಗಿ ನಾನು ಹಾಡುಗಳನ್ನು ಚರಣದಲ್ಲಿ ಹಿಡಿದು ನೋಡುತ್ತೇನೆ. ಸಂಗೀತ ನಿರ್ದೇಶಕನ ಬಳಿ ಸರಕು ಇದೆಯೋ ಇಲ್ಲವೋ ಗೊತ್ತಾಗುವುದು ಪಲ್ಲವಿ ಮುಗಿದು, ಬಿಜಿಎಂ ಮುಗಿದು, ಹೊಸ ಸಾಲು ಎತ್ತಿಕೊಳ್ಳುವಾಗ.

ಈಚಿನ ಹಾಡುಗಳಲ್ಲಿ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾದದ್ದು 2024ರ ‘ಕೃಷ್ಣಂ ಪ್ರಣಯ ಸಖಿ’ಯ ‘ದ್ವಾಪರ’. ಅರ್ಜುನ್ ಜನ್ಯ ಸಂಗೀತ, ವಿ. ನಾಗೇಂದ್ರ ಪ್ರಸಾದ್ ಸಾಹಿತ್ಯ. ಸಾಹಿತ್ಯದಲ್ಲಿ ಹೊಸತೇನಿದೆ ಎಂದು ಕೇಳಿದರೆ ನಿಜಕ್ಕೂ ಹೆಚ್ಚೇನಿಲ್ಲ. ದನಿ, ಕಣ್ಣು, ನಡಿಗೆ ಎಂದು ನಾಯಕಿಯನ್ನು ಒಂದೊಂದಾಗಿ ಹೊಗಳುವ ಉಪಮೆಗಳೆಲ್ಲ ನಮ್ಮ ಹಳೆಯ ಕಾವ್ಯಗಳಲ್ಲಿ ಸವೆದು ಹೋದವೇ. ಆದರೆ ಸವೆದ ಮಾತನ್ನು ಸಣ್ಣ ಸಣ್ಣ ತುಂಡು ಮಾಡಿ, ಸಾಲಿನ ಕೊನೆಗೊಂದು ‘ಓಳೆ’ಯ ಪ್ರಾಸ ಕೂರಿಸಿ, ಒಂದೊಂದಕ್ಕೂ ಉಸಿರಾಡುವಷ್ಟು ಜಾಗ ಬಿಟ್ಟಿದ್ದಾರೆ. ಅವಸರದ ಹಾಡುಗಳ ನಡುವೆ ಅದೇ ದೊಡ್ಡ ಸುಖ.

ಹಾಡಿದವರು ಜಸ್ಕರಣ್ ಸಿಂಗ್, ಜೀ ಕನ್ನಡದ ‘ಸರಿಗಮಪ’ ವೇದಿಕೆಯಿಂದ ಬಂದ ಪಂಜಾಬಿನ ಹುಡುಗ. ‘ಅವನ ಕನ್ನಡ ಎಷ್ಟು ಸ್ಪಷ್ಟ!’ ಎಂದು ಎಲ್ಲರೂ ಬೆರಗಾದರು. ಬೆರಗಿಗೆ ಒಂದು ಕಾರಣ ನಾಲಿಗೆಯಲ್ಲೇ ಇದೆ. ಹಿಂದಿಯವರಿಗೆ ನಮ್ಮ ‘ಳ’ ಸುಲಭಕ್ಕೆ ದಕ್ಕುವುದಿಲ್ಲ, ‘ಲ’ ಆಗಿಬಿಡುತ್ತದೆ. ಮುಂಬೈ ಗಾಯಕರ ಕಾಲದಲ್ಲಿ ನಾವು ಎಷ್ಟು ‘ಲ’ಕಾರಗಳನ್ನು ನುಂಗಿಕೊಂಡಿಲ್ಲ! ಪಂಜಾಬಿಯ ಆಡುಮಾತಿನಲ್ಲಿ ಮಾತ್ರ ನಾಲಿಗೆ ಮಡಚಿ ಹೇಳುವ ‘ಳ’ ಇದೆ. ಸಾಲುಸಾಲಿಗೂ ‘ಓಳೆ’ ಇರುವ ಹಾಡು ಪಂಜಾಬಿಯ ಪಾಲಿಗೆ ಬಂದದ್ದು ಆಕಸ್ಮಿಕವೋ ಜಾಣತನವೋ, ಕನ್ನಡಕ್ಕಂತೂ ಲಾಭವಾಯಿತು. ಪಂಜಾಬಿಗಳು ತಡವರಿಸಬಹುದಾದದ್ದು ಘ, ಧ, ಭಗಳಲ್ಲಿ. ಆ ಭಾಷೆ ಅವನ್ನು ಹಿಂದೆಯೇ ಬಿಟ್ಟುಕೊಟ್ಟಿದೆ. ಈ ಹಾಡಲ್ಲಿ ರಾಧೆಯೇ ಬರುತ್ತಾಳೆ, ‘ಧ’ ತಪ್ಪಿದರೆ ಕಥೆ ಮುಗಿದಂತೆ. ನನ್ನ ಕಿವಿಗೆ ಎಡವಿದ್ದು ಕೇಳಿಸಲಿಲ್ಲ.

ಇನ್ನು 2025ರ ‘ಎಕ್ಕ’ ಚಿತ್ರದ ‘ಬ್ಯಾಂಗಲ್ ಬಂಗಾರಿ’. ಈ ಹಾಡಿಗೆ ಹೆಜ್ಜೆ ಹಾಕದ ಕಾಲೇಜು ಡೇ ಇದೆಯೇ? ಚರಣ್ ರಾಜ್ ಸಂಗೀತ, ನಾಗಾರ್ಜುನ್ ಶರ್ಮ ಸಾಹಿತ್ಯ, ಆಂಟನಿ ದಾಸನ್ ಕಂಠ. 2018ರಲ್ಲಿ ‘ಟಗರು’ ಶೀರ್ಷಿಕೆ ಗೀತೆಗೂ ಚರಣ್ ಇದೇ ತಮಿಳು ಜನಪದ ಗಾಯಕನನ್ನು ಕರೆಸಿದ್ದರು. ಜಾತ್ರೆಯಲ್ಲಿ ಮೈಕಿಲ್ಲದೆ ಹಾಡಿ ಪಳಗಿದಂಥ ಬಿಚ್ಚುಗಂಟಲು ಅದು. ತಮಿಳರಿಗೆ ಮಹಾಪ್ರಾಣ ತೊಡಕು, ಆದರೆ ಇಂಥ ಬೀದಿಮಾತಿನ ಹಾಡಲ್ಲಿ ಮಹಾಪ್ರಾಣಕ್ಕೆ ಕೆಲಸವೇ ಕಡಿಮೆ. ಪಲ್ಲವಿ ಭರ್ಜರಿ. ಚರಣ? ಕುಣಿಯುವವರು ಉಸಿರು ತೆಗೆದುಕೊಳ್ಳಲೆಂದು ಇಟ್ಟಂತಿದೆ. ಮತ್ತೆ ಪಲ್ಲವಿ ಯಾವಾಗ ಬಂದೀತು ಎಂದು ಕಾಯುವಂತಾಗುತ್ತದೆ.

ನನಗೆ ಬೇಸರ ಯಾಕೆಂದರೆ ಇದೇ ಚರಣ್ ರಾಜ್ 2023ರಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರಕ್ಕೆ ಸಂಗೀತ ಕೊಟ್ಟವರು. ಅಡಿಗರ ಕವಿತೆಯಿಂದ ಹೆಸರು ಪಡೆದ ಆ ಚಿತ್ರದ ಹಾಡುಗಳಿಗೆ ಕುಣಿಯುವಂತಿರಲಿಲ್ಲ, ನಡುವೆ ಎದ್ದು ಹೋಗುವಂತೆಯೂ ಇರಲಿಲ್ಲ. ಸರಕಿಲ್ಲದವರನ್ನು ಯಾರೂ ಬೈಯುವುದಿಲ್ಲ. ಇದ್ದೂ ಬಡಿಸದಿದ್ದರೆ ಕೇಳಬೇಕಾಗುತ್ತದೆ.

‘ಸು ಫ್ರಮ್ ಸೋ’ದ ‘ಡ್ಯಾಂಕ್ಸ್ ಆಂಥಮ್’ ಬಗ್ಗೆ ಜಗಳವಿಲ್ಲ. ಸುಮೇಧ್ ಕೆ. ಸಂಗೀತದ ಈ ಹಾಡು ತನ್ನನ್ನು ತಾನು ಗಂಭೀರವಾಗಿ ತೆಗೆದುಕೊಂಡಿಲ್ಲ, ನಾವೂ ತೆಗೆದುಕೊಳ್ಳಬೇಕಿಲ್ಲ. ಚಿತ್ರದ ಪೋಕರಿತನಕ್ಕೆ ತಕ್ಕ ಹಾಡು, ಅಷ್ಟೇ. ಅಜನೀಶ್ ಲೋಕನಾಥ್ ‘ದಿ ಡೆವಿಲ್’ಗೆ ಮಾಡಿದ ‘ಇದ್ರೆ ನೆಮ್ದಿಯಾಗ್ ಇರ್ಬೇಕ್’ ಬೇರೆ ಜಾತಿ. ಜನರ ಬಾಯಲ್ಲಿ ಸಲೀಸಾಗಿ ಕೂರುವ ಮಾತನ್ನೇ ಎತ್ತಿ ಪಲ್ಲವಿ ಮಾಡಿದರೆ ಅರ್ಧ ಕೆಲಸ ಆಗಿಯೇ ಹೋಯಿತು. ಉಳಿದರ್ಧವನ್ನು ಅಭಿಮಾನಿಗಳು ಶಿಳ್ಳೆಯಿಂದ ತುಂಬಿಕೊಳ್ಳುತ್ತಾರೆ. ‘ಕಾಂತಾರ’ದ ‘ಸಿಂಗಾರ ಸಿರಿಯೆ’ಯಲ್ಲಿ ಪ್ರಮೋದ್ ಮರವಂತೆಯವರ ಸಾಹಿತ್ಯಕ್ಕೆ ಅಷ್ಟು ಮುದ್ದಾಗಿ ಮಟ್ಟು ಹೊಂದಿಸಿದ ಅಜನೀಶ್ ಇಲ್ಲಿ ಸಿಗುವುದಿಲ್ಲ.

ಹಿಂದಿನದೆಲ್ಲ ಚಿನ್ನ ಎನ್ನುವ ಪೈಕಿ ನಾನಲ್ಲ. ಆದರೂ ರಾಜನ್–ನಾಗೇಂದ್ರ ಜೋಡಿಯ ಕಸುಬು ನೋಡಿ: ಚರಣದಲ್ಲಿ ದನಿಯನ್ನು ಮೇಲಕ್ಕೆ ಒಯ್ದು, ಅಲ್ಲೇ ಒಂದಿಷ್ಟು ಹೊತ್ತು ನಿಲ್ಲಿಸಿ, ಪಲ್ಲವಿಗೆ ಇಳಿಸುವಾಗ ಅದೇ ಪಲ್ಲವಿಗೆ ಬೇರೆ ಬೆಲೆ ಬರುವಂತೆ ಮಾಡುತ್ತಿದ್ದರು. ಈಗ ಹಲವು ಹಾಡುಗಳಲ್ಲಿ ಎರಡನೇ ಚರಣವೇ ಮಾಯ. ಆ ಜಾಗದಲ್ಲಿ ಪಲ್ಲವಿಯನ್ನೇ ಇನ್ನೊಮ್ಮೆ ಬಾರಿಸುತ್ತಾರೆ.

ನನ್ನ ತೀರ್ಪು ಇಷ್ಟು: ‘ಬ್ಯಾಂಗಲ್ ಬಂಗಾರಿ’ ಮದುವೆಮನೆಯ ಆರ್ಕೆಸ್ಟ್ರಾಕ್ಕಿರಲಿ, ‘ಡ್ಯಾಂಕ್ಸ್’ ಗೆಳೆಯರ ಟ್ರಿಪ್ಪಿಗಿರಲಿ. ‘ದ್ವಾಪರ’ವನ್ನು ಮಾತ್ರ ಮೊಬೈಲ್ ಸ್ಪೀಕರಿನಲ್ಲಿ ಕೆಡಿಸಬೇಡಿ. ಇಯರ್‌ಫೋನ್ ಹಾಕಿಕೊಂಡು ಕೊನೆಯವರೆಗೂ ಕೇಳಿ.