ಇಲ್ಲ ಎಂದವರು ಹುಡುಕಿದ್ದರೇ?

ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲೋ ಕುರುಗೋಡು ಕಡೆಯ ಹಳ್ಳಿಯಲ್ಲೋ ಒಬ್ಬರ ಕೆನ್ನೆಯ ಮೇಲೆ ನೋವಿಲ್ಲದ ಗುಳ್ಳೆ ಎದ್ದು, ನಡುವೆ ಕುಳಿಬಿದ್ದು, ಮೇಲೆ ಹಕ್ಕಳೆ ಕಟ್ಟಿ, ನಾಲ್ಕು ತಿಂಗಳಾದರೂ ಮಾಯಲಿಲ್ಲ ಎನ್ನಿ. ಮೊದಲು ಮೆಡಿಕಲ್ ಶಾಪಿನ ಟ್ಯೂಬು ಬರುತ್ತದೆ. ಸ್ಟೀರಾಯ್ಡ್, ಆ್ಯಂಟಿಬಯೋಟಿಕ್, ಫಂಗಸ್ ಔಷಧಿ ಮೂರೂ ಬೆರೆತದ್ದು. ಆಮೇಲೆ ಊರ ಆರ್‌ಎಂಪಿ ಡಾಕ್ಟರ ಇಂಜೆಕ್ಷನ್ನು. ಅದಕ್ಕೂ ಜಗ್ಗದಿದ್ದರೆ ಬಳ್ಳಾರಿ ಬಸ್ಸು. ಅಲ್ಲಿ ಕುಷ್ಠ, ಚರ್ಮದ ಕ್ಷಯ, ಆಳದ ಫಂಗಸ್, ಕ್ಯಾನ್ಸರ್ ಒಂದೊಂದಾಗಿ ವೈದ್ಯರ ಮನಸ್ಸಿಗೆ ಬರುತ್ತವೆ, ಬರಬೇಕಾದದ್ದೇ. ಲೀಶ್ಮೇನಿಯಾಸಿಸ್ ಮಾತ್ರ ಬರುವುದಿಲ್ಲ. ಬಂದರೂ, ‘ಅದು ಬಿಕಾನೇರಿನ ಹುಣ್ಣು, ಬಿಹಾರದ ಜ್ವರ, ನಮ್ಮ ಕಡೆ ಇಲ್ಲ’ ಎಂದು ಕಾಲೇಜಿನಲ್ಲಿ ಕಲಿತ ಪಾಠ ಅದನ್ನು ಬಾಗಿಲಲ್ಲೇ ತಡೆಯುತ್ತದೆ.

ಆ ಪಾಠ ಪೂರಾ ಸುಳ್ಳಲ್ಲ. ಬಳ್ಳಾರಿ ಸೀಮೆಯಲ್ಲಿ ಮಾಯದ ಹುಣ್ಣುಗಳಲ್ಲಿ ಬಹುಪಾಲು ಬೇರೆಯವೇ. ನನ್ನ ತಕರಾರಿರುವುದು ‘ಇಲ್ಲ’ ಎಂಬ ಮಾತು ಎಲ್ಲಿಂದ ಬಂತು ಎಂಬುದರ ಬಗ್ಗೆ. ಹುಡುಕಿ ನೋಡಿ ಸಿಗದಿದ್ದಾಗ ಹೇಳಿದ ‘ಇಲ್ಲ’ ಬೇರೆ. ಇಲ್ಲ ಎಂದು ಮೊದಲೇ ತೀರ್ಮಾನಿಸಿದ್ದರಿಂದ ಹುಡುಕದೆ ಉಳಿದ ‘ಇಲ್ಲ’ ಬೇರೆ. ನಮ್ಮದು ಎರಡನೆಯದು.

ಈ ರೋಗದ ನಕಾಶೆ ಎಂದೂ ಒಂದೇ ಕಡೆ ನಿಂತದ್ದಲ್ಲ. ಚಾರ್ಲ್ಸ್ ಡೊನೊವನ್ 1903ರಲ್ಲಿ ಇದನ್ನು ತರುವ ಪರೋಪಜೀವಿಯನ್ನು ಕಂಡದ್ದು ಬಿಹಾರದಲ್ಲಲ್ಲ, ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ. ಆಗ ಬಳ್ಳಾರಿ ಜಿಲ್ಲೆ ಅದೇ ಮದರಾಸು ಪ್ರಾಂತ್ಯದ್ದು. ಮೈಸೂರಿಗೆ ಸೇರಿದ್ದು 1953ರಲ್ಲಿ. ಡೊನೊವನ್ ನೋಡಿದ್ದು ಗುಲ್ಮವನ್ನು ಊದಿಸುವ ಕಾಲಾ ಅಜಾರ್, ಚರ್ಮದ ಹುಣ್ಣಲ್ಲ, ನಿಜ. ಆದರೆ ಒಳಗಿನ ರೋಗಕ್ಕೊಂದು ಪರೋಪಜೀವಿ, ಹೊರಗಿನ ರೋಗಕ್ಕೊಂದು ಎಂದು ಪಠ್ಯಪುಸ್ತಕ ಹಾಕಿದ ಗೆರೆಯೂ ಅಳಿಸಿಹೋಗಿದೆ. ಹಿಮಾಚಲದ ಸಟ್ಲೆಜ್ ಕಣಿವೆಯಲ್ಲಿ, ಆಮೇಲೆ ಕೇರಳದ ತಿರುವನಂತಪುರ ಜಿಲ್ಲೆಯ ಕಾಡಂಚಿನ ಕಾಣಿ ಬುಡಕಟ್ಟಿನವರಲ್ಲಿ ಚರ್ಮದ ಹುಣ್ಣುಗಳು ಕಂಡವು. ಪರೀಕ್ಷಿಸಿದಾಗ ಸಿಕ್ಕಿದ್ದು, ಗುಲ್ಮಕ್ಕಷ್ಟೇ ಮೀಸಲು ಎಂದುಕೊಂಡಿದ್ದ ಲೀಶ್ಮೇನಿಯಾ ಡೊನೊವಾನಿ. ಅವರು ಬಿಕಾನೇರಿಗೂ ಹೋದವರಲ್ಲ, ಪಟ್ನಾಕ್ಕೂ ಹೋದವರಲ್ಲ. ಅಲ್ಲಿ ಯಾರೋ ಸ್ಲೈಡ್ ಮಾಡಿ ನೋಡಿದ್ದರಿಂದ ಆ ಎರಡು ಜಾಗಗಳು ನಕಾಶೆಗೆ ಬಂದವು, ಅಷ್ಟೇ.

ಹಾಗಾಗಿ ‘ಹೊರಗೆ ದುಡಿಯಲು ಹೋಗಿದ್ದಿರಾ?’ ಎಂಬ ಒಂದೇ ಪ್ರಶ್ನೆಯನ್ನು ಜರಡಿ ಮಾಡಿಕೊಳ್ಳುವುದು ತಪ್ಪು. ಕೇಳಲೇಬೇಕಾದ ಪ್ರಶ್ನೆ ಅದು. ಕೊಲ್ಲಿ ದೇಶಗಳಿಂದ ಬಂದವರು ಬಳ್ಳಾರಿಯಲ್ಲಿದ್ದಾರೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ ಬಿಹಾರ, ಜಾರ್ಖಂಡದವರಿದ್ದಾರೆ. ಆದರೆ ‘ಇಲ್ಲ’ ಎಂಬ ಉತ್ತರಕ್ಕೇ ಫೈಲು ಮುಚ್ಚಬಾರದು. ‘ಹೌದು’ ಎಂದವನನ್ನು ರೋಗ ತಂದವನಂತೆ ನೋಡುವುದಂತೂ ಇನ್ನೂ ಕೆಟ್ಟದ್ದು. ಈ ರೋಗ ಮೈಯಿಂದ ಮೈಗೆ ಮುಟ್ಟಿ ಹರಡುವುದಿಲ್ಲ; ನಡುವೆ ಮರಳು ನೊಣ ಬೇಕು. ಸೊಳ್ಳೆಯ ಮೂರನೇ ಒಂದರಷ್ಟು ಗಾತ್ರದ, ಸದ್ದೇ ಮಾಡದ ಹುಳು ಅದು.

‘ಇಲ್ಲ’ ಎಂಬ ನಂಬಿಕೆ ಮುರಿಯದೆ ಉಳಿದದ್ದಕ್ಕೆ ಇನ್ನೊಂದು ಕಾರಣವಿದೆ, ಅದು ಹೆಚ್ಚು ನಾಜೂಕಿನದು. ಚರ್ಮದ ಈ ಹುಣ್ಣುಗಳಲ್ಲಿ ಅನೇಕವು ತಾವಾಗಿಯೇ ಮಾಯುತ್ತವೆ. ಪರೋಪಜೀವಿಯ ಜಾತಿಗೆ ತಕ್ಕಂತೆ ಕೆಲವು ತಿಂಗಳು, ಒಂದು ವರ್ಷ, ಇನ್ನೂ ಹೆಚ್ಚು. ಆ ಹೊತ್ತಿಗೆ ಯಾವ ಔಷಧಿ ನಡೆದಿತ್ತೋ ಗೆಲುವು ಅದರದ್ದು. ಬಯಾಪ್ಸಿಯಲ್ಲಿ ಗ್ರ್ಯಾನುಲೋಮಾ ಕಂಡಿತೆಂದು ಆರು ತಿಂಗಳು ಕ್ಷಯದ ಮಾತ್ರೆ ಕೊಟ್ಟು, ಹುಣ್ಣು ಮಾಯ್ದರೆ ‘ಕ್ಷಯವೇ ಇತ್ತು’ ಎಂದು ಬರೆದುಕೊಳ್ಳುತ್ತೇವೆ. ‘ಔಷಧಿ ಕೊಟ್ಟು ನೋಡೋಣ’ ಎಂಬ ಪದ್ಧತಿಯನ್ನು ಬಡ ಜಿಲ್ಲೆಗಳ ಜಾಣತನವೆಂದು ಹೊಗಳುವವರಿದ್ದಾರೆ. ತಾನೇ ಮಾಯುವ ರೋಗದ ಮುಂದೆ ಆ ಜಾಣತನ ಯಾವ ಔಷಧಿಗೂ ಪಾಸು ಮಾರ್ಕು ಕೊಡುತ್ತದೆ. ರೋಗಿಗೆ ಉಳಿಯುವುದು ಕೆನ್ನೆಯ ಮೇಲಿನ ಗುಳಿಬಿದ್ದ ಕಲೆ, ಬೇಡದ ಮಾತ್ರೆಗಳು ಯಕೃತ್ತಿಗೆ ಕೊಟ್ಟ ಕಾಟ.

ಪರೀಕ್ಷೆ ದುಬಾರಿಯೇ? ಕುಷ್ಠಕ್ಕೆಂದು ಚರ್ಮವನ್ನು ಚಿವುಟಿ ಹಿಡಿದು, ಬ್ಲೇಡಿನಿಂದ ಸಣ್ಣದಾಗಿ ಸೀಳಿ, ಕೆರೆದು ಸ್ಲೈಡಿಗೆ ಸವರುವ ಕೆಲಸ ನಮ್ಮ ಆಸ್ಪತ್ರೆಗಳಿಗೆ ಹೊಸದಲ್ಲ. ಅದೇ ಬ್ಲೇಡು, ಅದೇ ಕೈ. ಕುಷ್ಠದ ಸ್ಲೈಡಿಗೆ ಹಾಕುವ ಜೀಲ್–ನೀಲ್ಸನ್ ಬಣ್ಣದಲ್ಲಿ ಈ ಪರೋಪಜೀವಿ ಕಾಣುವುದಿಲ್ಲ, ಇನ್ನೊಂದು ಸ್ಲೈಡಿಗೆ ಬೇರೆ ಬಣ್ಣ ಬೇಕು. ಆ ಬಣ್ಣವೂ ಲ್ಯಾಬಿನ ಕಪಾಟಿನಲ್ಲೇ ಇರುತ್ತದೆ: ರಕ್ತಕಣ ನೋಡಲು ದಿನಾ ಬಳಸುವ ಲೀಶ್ಮನ್ ಬಣ್ಣ. ಪರೋಪಜೀವಿಗೆ ಯಾರ ಹೆಸರೋ ಬಣ್ಣಕ್ಕೂ ಅದೇ ವಿಲಿಯಂ ಲೀಶ್ಮನ್‌ನ ಹೆಸರು. ಅವನ ಬಾಟಲಿಯನ್ನು ನಿತ್ಯ ತೆರೆಯುತ್ತಾ ಅವನ ಜೀವಿ ಇಲ್ಲಿಲ್ಲ ಎನ್ನುತ್ತಿದ್ದೇವೆ.

ಎಲ್ಲಿಂದ ಕೆರೆಯಬೇಕು ಎಂಬುದರಲ್ಲಿ ಅರ್ಧ ರೋಗನಿದಾನವಿದೆ. ಹುಣ್ಣಿನ ನಡುವಿನ ಕೊಳೆತ ಭಾಗದಲ್ಲಿ ಕೀವು, ಬ್ಯಾಕ್ಟೀರಿಯಾಗಳೇ ಹೆಚ್ಚು. ಹಕ್ಕಳೆ ತೆಗೆದು, ಉಬ್ಬಿದ ಅಂಚಿನಿಂದ ಕೆರೆಯಬೇಕು. ಹುಣ್ಣು ಹಳತಾದಷ್ಟೂ ಪರೋಪಜೀವಿ ಕಡಿಮೆಯಾಗುತ್ತದೆ, ಆದ್ದರಿಂದ ವರ್ಷದ ಹುಣ್ಣಿನ ಸ್ಲೈಡು ಖಾಲಿ ಬಂದರೆ ರೋಗವಿಲ್ಲ ಎಂದಾಗದು. ಅಂಥವಕ್ಕೆ ಬಯಾಪ್ಸಿ ಮತ್ತು ಪಿಸಿಆರ್ ಬೇಕು. ಕಾಲಾ ಅಜಾರ್‌ಗೆ ಬಳಸುವ ಆರ್‌ಕೆ–39 ರಕ್ತದ ಪಟ್ಟಿಯನ್ನು ಇಲ್ಲಿ ನಂಬುವಂತಿಲ್ಲ. ಚರ್ಮದ ಹುಣ್ಣಿನಲ್ಲಿ ರಕ್ತದ ಪ್ರತಿಕಾಯಗಳು ಸಾಲದಷ್ಟಿರುತ್ತವೆ. ಕುಷ್ಠದಿಂದ ಬೇರ್ಪಡಿಸಲು ಸ್ಪರ್ಶ ನೋಡುವುದು ಒಳ್ಳೆಯದೇ, ಆದರೆ ಮುಖದ ಮೇಲಿನ ಕುಷ್ಠದ ಮಚ್ಚೆಯಲ್ಲೂ ಸ್ಪರ್ಶ ಉಳಿದಿರಬಹುದು. ಇನ್ನು, ಕಾಲಾ ಅಜಾರ್ ವಾಸಿಯಾಗಿ ವರ್ಷಗಳ ಮೇಲೆ ಮೈಮೇಲೆ ಏಳುವ ಬಿಳಿ ಮಚ್ಚೆ, ಗಂಟುಗಳನ್ನು ಉಪೇಂದ್ರನಾಥ ಬ್ರಹ್ಮಚಾರಿ 1922ರಲ್ಲೇ ವಿವರಿಸಿದರು. ಅವು ಕುಷ್ಠದಂತೆಯೇ ಕಾಣುತ್ತವೆ, ತಿಂಗಳುಗಟ್ಟಲೆ ಕುಷ್ಠದ ಮಾತ್ರೆ ನುಂಗಿಸಿದರೂ ಹೋಗುವುದಿಲ್ಲ.

ದಿನಕ್ಕೆ ನೂರು ಜನರನ್ನು ನೋಡುವ ವೈದ್ಯರು ಸಾವಿರಕ್ಕೊಂದೂ ಸಿಗದ ರೋಗಕ್ಕೆ ಎಲ್ಲರ ಚರ್ಮ ಸೀಳಬೇಕೇ ಎಂದು ಕೇಳಿದರೆ ಅದು ನ್ಯಾಯದ ಪ್ರಶ್ನೆ. ಎಲ್ಲರದ್ದೂ ಬೇಡ. ಮೊದಲ ಔಷಧಿ ಸೋತು, ಎರಡನೆಯದನ್ನು ಬರೆಯುವ ಮುನ್ನ ಒಂದು ಸ್ಲೈಡು.

ಚಿಕಿತ್ಸೆಯಲ್ಲಿ ಎರಡು ಅತಿಗಳಿವೆ: ತಾನೇ ಹೋಗುತ್ತದೆ ಬಿಡಿ ಎನ್ನುವುದು, ಇಲ್ಲವೇ ಕಾಲಾ ಅಜಾರ್‌ನಂತೆ ಎಲ್ಲರಿಗೂ ಸಲೈನ್ ಹಚ್ಚುವುದು. ಬಟ್ಟೆ ಮುಚ್ಚುವ ಜಾಗದ ಒಂದು ಸಣ್ಣ ಹುಣ್ಣಾದರೆ ಕಾಯಬಹುದು, ಅಥವಾ ಅಂಚಿಗೇ ಸೋಡಿಯಂ ಸ್ಟಿಬೊಗ್ಲುಕೊನೇಟ್ ಚುಚ್ಚಬಹುದು. ಬಿಕಾನೇರಿನ ವೈದ್ಯರು ರೇಡಿಯೋ ತರಂಗದ ಉಪಕರಣದಿಂದ ಹುಣ್ಣನ್ನು 50 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಒಂದೇ ಸಲಕ್ಕೆ ಒಳ್ಳೆಯ ಫಲ ಕಂಡಿದ್ದಾರೆ. ಹುಣ್ಣು ಹಲವಿದ್ದರೆ, ದೊಡ್ಡದಿದ್ದರೆ, ಎಚ್‌ಐವಿ ಇದ್ದರೆ ಒಳಗಿನಿಂದ ಕೊಡುವ ಔಷಧಿಯನ್ನು ಯೋಚಿಸಬೇಕು. 2002ರಲ್ಲಿ ಭಾರತದಲ್ಲೇ ಮೊದಲು ಪರವಾನಗಿ ಪಡೆದ ಮಿಲ್ಟೆಫೊಸಿನ್ ಬಾಯಿಯಿಂದ ನುಂಗುವಂಥದ್ದು, ಆದರೆ ಬಸಿರಿನಲ್ಲಿ ಕೂಡದು.

ಮೂಗು, ಬಾಯಿ, ಗಂಟಲಿನ ಒಳಪೊರೆಗೆ ಬಂದರೆ ಮೇಲಿನ ಸಮಾಧಾನ ಯಾವುದೂ ನಡೆಯದು. ಅದು ತಾನಾಗಿ ಮಾಯುವುದಿಲ್ಲ, ಮುಲಾಮಿಗೂ ಅಂಚಿನ ಇಂಜೆಕ್ಷನ್ನಿಗೂ ಬಗ್ಗುವುದಿಲ್ಲ, ಮೂಗಿನ ನಡುಗೋಡೆಯನ್ನೇ ತೂತು ಮಾಡಬಲ್ಲದು. ಬೊಲಿವಿಯಾ, ಬ್ರೆಜಿಲ್, ಪೆರುಗಳಲ್ಲಿ ಇದು ಹೆಚ್ಚು, ನಮ್ಮಲ್ಲಿ ಬಹಳ ಅಪರೂಪ. ಆದರೆ ಇದಕ್ಕೆ ಬೇಕಾದ ಲೈಪೊಸೋಮಲ್ ಆಂಫೊಟೆರಿಸಿನ್ ನಮಗೆ ಅಪರಿಚಿತವಲ್ಲ. 2021ರ ಬ್ಲ್ಯಾಕ್ ಫಂಗಸ್ ಹಾವಳಿಯಲ್ಲಿ ರಾಜ್ಯವೇ ಆ ಔಷಧಿಗಾಗಿ ಬಾಯಿಬಿಟ್ಟಿತ್ತು, ಕೊಡುವ ವಿಧಾನವನ್ನೂ ಮೂತ್ರಪಿಂಡದ ಮೇಲೆ ಕಣ್ಣಿಡುವುದನ್ನೂ ನಮ್ಮ ವಾರ್ಡುಗಳು ಆಗಲೇ ಕಲಿತವು. ಕಿವಿ–ಮೂಗು–ಗಂಟಲಿನ ವೈದ್ಯರು ಬದಲಿಸಿಕೊಳ್ಳಬೇಕಾದ ರೂಢಿ ಒಂದಿದೆ. ಮೂಗಿನಿಂದ ತೆಗೆದ ತುಣುಕನ್ನು ಇಡಿಯಾಗಿ ಫಾರ್ಮಲಿನ್ ಬಾಟಲಿಗೆ ಹಾಕಿದರೆ ಪರೋಪಜೀವಿ ಅಲ್ಲೇ ಸಾಯುತ್ತದೆ, ಆಮೇಲೆ ಕಲ್ಚರ್ ಮಾಡಲಾಗದು. ಅರ್ಧವನ್ನು ಮೊದಲು ಸ್ಲೈಡಿಗೆ ಒತ್ತಿ, ಸಲೈನ್‌ನಲ್ಲಿ ಬೇರೆಯಾಗಿ ಕಳಿಸಿ, ಉಳಿದರ್ಧವನ್ನು ಫಾರ್ಮಲಿನ್‌ಗೆ ಹಾಕಬೇಕು. ಚೀಟಿಯಲ್ಲಿ ಕ್ಷಯ, ಫಂಗಸ್, ಕ್ಯಾನ್ಸರ್ ಜೊತೆಗೆ ಲೀಶ್ಮೇನಿಯಾ ಎಂದೂ ಬರೆಯಬೇಕು. ಬರೆಯದಿದ್ದರೆ ಮೈಕ್ರೋಸ್ಕೋಪಿನ ಮುಂದೆ ಕೂತವರು ಅದನ್ನು ಹುಡುಕುವುದಿಲ್ಲ.