ಊರಿಲ್ಲದ ಕೊಕ್ಕರೆಗಳು: ಮಂಡ್ಯ ಸೀಮೆಯ ಹವ್ಯಾಸಿ ಛಾಯಾಚಿತ್ರಗಳನ್ನು ಕುರಿತು

ಛಾಯಾಚಿತ್ರವನ್ನು ಇತಿಹಾಸದ ಆಕರವೆಂದು ಬಳಸುವವರು ಶಾಸನಕ್ಕೆ ಹಾಕುವ ಪ್ರಶ್ನೆಗಳನ್ನೇ ಅದಕ್ಕೂ ಹಾಕಬೇಕಾಗುತ್ತದೆ. ಯಾರು, ಯಾವಾಗ, ಎಲ್ಲಿ ನಿಂತು, ಯಾರ ಮೆಚ್ಚುಗೆಗಾಗಿ ಇದನ್ನು ಮಾಡಿದರು? ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಹವ್ಯಾಸಿಗಳು ತೆಗೆದಿರುವ ಚಿತ್ರಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿದಾಗ ಸಂತೋಷವೂ ಅಸಮಾಧಾನವೂ ಒಟ್ಟಿಗೇ ಉಂಟಾಗುತ್ತವೆ.

ನಮ್ಮಲ್ಲಿ ಹವ್ಯಾಸಿಗಳ ಪರಂಪರೆ ಸಣ್ಣದಲ್ಲ. 1854ರಲ್ಲಿ ಹಳೇಬೀಡಿನ ಚಿತ್ರಗಳನ್ನು ತೆಗೆದ ಲಿನೀಯಸ್ ಟ್ರೈಪ್ ಸೈನ್ಯಾಧಿಕಾರಿ. 1953ರಲ್ಲಿ ಭಾರತೀಯ ಛಾಯಾಚಿತ್ರ ಒಕ್ಕೂಟದ ಸ್ಥಾಪನೆಗೆ ಮುಖ್ಯ ಕಾರಣರಾದ ಬೆಂಗಳೂರಿನ ಜಿ. ಥಾಮಸ್ ವೃತ್ತಿಯಿಂದ ವೈದ್ಯರು. ರಾಜ್ಯದ ಹಣಕಾಸಿನ ಮಂತ್ರಿಗಳಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರು ವನ್ಯಜೀವಿಗಳ ಚಿತ್ರಣದಲ್ಲಿಯೂ ಹೆಸರಾದವರು. ಆದರೆ ಸ್ಪರ್ಧೆ ಪ್ರದರ್ಶನಗಳ ಸುತ್ತ ಬೆಳೆದ ಅಭಿರುಚಿಯು ಚೌಕಟ್ಟಿನಲ್ಲಿ ಅನವಶ್ಯಕವಾದುದೇನೂ ಇರಕೂಡದೆಂದು ವಿಧಿಸಿತು. ಯಾವುದು ಅನವಶ್ಯಕವೆಂಬುದೇ ಇಲ್ಲಿಯ ಪ್ರಶ್ನೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ನೋಡೋಣ. ಶಿಂಷಾ ನದಿಗೆ ಸಮೀಪದ ಈ ಹಳ್ಳಿಯಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಿಸೆಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವುಗಳನ್ನು ಭಾವಿಸುತ್ತಾರೆ. ಮರದಡಿ ಬಿದ್ದ ಹಿಕ್ಕೆ ಹೊಲಗದ್ದೆಗಳಿಗೆ ಗೊಬ್ಬರವಾಗುತ್ತದೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ತಾಣವನ್ನು ಹೊರಜಗತ್ತಿನ ಗಮನಕ್ಕೆ ತಂದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಇಲ್ಲಿಯ ವಿಶೇಷವಿರುವುದು ಹಕ್ಕಿಗೂ ಊರಿಗೂ ಇರುವ ನಂಟಿನಲ್ಲಿ. ನಾನು ನೋಡಿದ ಚಿತ್ರಗಳಲ್ಲಿ ಬಹುಪಾಲು ಈ ನಂಟನ್ನೇ ಕತ್ತರಿಸಿವೆ. ಟೆಲಿಫೋಟೋ ಮಸೂರದ ದಯೆಯಿಂದ ರೆಕ್ಕೆಯ ಒಂದೊಂದು ಗರಿಯೂ ಸ್ಫುಟವಾಗಿದೆ, ಹಿನ್ನೆಲೆ ಮಾತ್ರ ನೀಲಿಯಲ್ಲಿ ಕರಗಿದೆ. ಹಕ್ಕಿ ಬೆಳ್ಳೂರಿನದೋ, ರಂಗನತಿಟ್ಟಿನದೋ, ಭರತಪುರದ್ದೋ ಎಂದು ನಿರ್ಣಯಿಸಲು ಚಿತ್ರದೊಳಗೆ ಆಧಾರವೇ ಉಳಿದಿಲ್ಲ.

ಹವ್ಯಾಸಿಗಳು ಸ್ಪರ್ಧೆಯ ನಿಯಮವನ್ನು ಮುಂದಿಡುತ್ತಾರೆ. ಪ್ರಕೃತಿ ವಿಭಾಗದಲ್ಲಿ ಮನುಷ್ಯನ ಕುರುಹು ಸಾಮಾನ್ಯವಾಗಿ ಸಲ್ಲದೆಂಬುದು ನಿಜ. ಆದರೆ ಅಂತರರಾಷ್ಟ್ರೀಯ ಛಾಯಾಚಿತ್ರ ಸಂಸ್ಥೆಗಳು ಒಟ್ಟಾಗಿ ಒಪ್ಪಿ 2015ರಲ್ಲಿ ಜಾರಿಗೆ ತಂದ ವ್ಯಾಖ್ಯೆಯು ಮನುಷ್ಯನು ಮಾರ್ಪಡಿಸಿದ ಪರಿಸರಕ್ಕೆ ಒಗ್ಗಿಕೊಂಡ ಜೀವಿಗಳಿಗೆ ವಿನಾಯಿತಿ ನೀಡಿತು. ಅದು ಹೆಸರಿಸಿದ ಉದಾಹರಣೆಗಳಲ್ಲಿ ಕೊಕ್ಕರೆಯೇ ಒಂದು! ಬೆಳ್ಳೂರಿಗೆಂದೇ ಬರೆದಂತಿರುವ ಈ ವಿನಾಯಿತಿಯನ್ನು ನಮ್ಮವರು ಬಳಸಿಕೊಂಡದ್ದು ಕಡಮೆ. ದೋಷ ನಿಯಮದ್ದಲ್ಲ, ರೂಢಿಯದು.

ಮಳವಳ್ಳಿಯ ಕಡೆಯಿಂದ ಕಾಣುವ ಗಗನಚುಕ್ಕಿಯ ವಿಷಯ ಬೇರೆ ಬಗೆಯದು. ಮಸೂರದ ಮುಂದೆ ಕಪ್ಪು ಶೋಧಕವನ್ನಿಟ್ಟು, ಷಟರನ್ನು ಕೆಲವು ಸೆಕೆಂಡು ತೆರೆದು, ನೀರನ್ನು ಹಾಲಿನ ನೊರೆಯಂತೆ ತೋರಿಸುವುದು ಇಲ್ಲಿ ಪ್ರಿಯವಾದ ಪ್ರಯೋಗ. ಇದು ಹೊಸತಲ್ಲ. 19ನೆಯ ಶತಮಾನದಲ್ಲಿ ಒದ್ದೆ ಗಾಜಿನ ಫಲಕಗಳನ್ನು ಬಳಸಿದವರಿಗೆ ಹರಿಯುವ ನೀರು ಸಾಮಾನ್ಯವಾಗಿ ಹೀಗಲ್ಲದೆ ಬೇರೆ ರೀತಿ ಮೂಡುತ್ತಿರಲಿಲ್ಲ. ಅಂದಿನ ನಿರ್ಬಂಧ ಇಂದಿನ ಅಲಂಕಾರವಾಗಿದೆ. ಅದಿರಲಿ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಂದಿನಿಂದ ಈ ಧಾರೆಯ ಪ್ರಮಾಣವು ಮಳೆಯೊಂದನ್ನೇ ಅವಲಂಬಿಸಿಲ್ಲ. ವಿದ್ಯುದಾಗಾರದ ನಾಲೆಗೂ ಮೇಲಣ ಕನ್ನಂಬಾಡಿ ಕಟ್ಟೆಗೂ ಅದರಲ್ಲಿ ಪಾತ್ರವುಂಟು. ಬೇಸಗೆಯ ತೆಳುಧಾರೆಯೂ ಈ ತಂತ್ರದಲ್ಲಿ ಮೈತುಂಬಿ ತೋರುತ್ತದೆ. ತಿಂಗಳು ವರ್ಷಗಳನ್ನು ನಮೂದಿಸದ ಇಂಥ ಚಿತ್ರವು ಮುಂದಿನ ಸಂಶೋಧಕನನ್ನು ದಾರಿತಪ್ಪಿಸದೆ ಇರದು.

ಮಂಡ್ಯದ ಆಲೆಮನೆಗಳ ಚಿತ್ರಗಳಲ್ಲಿ ಪ್ರಯೋಗವೂ ದಾಖಲೆಯೂ ಕೂಡಿಬಂದಿವೆ. ಬೆಳಕಿಗೆ ಎದುರಾಗಿ ತೆಗೆದುದರಿಂದ ಕೊಪ್ಪರಿಗೆಯ ಆವಿ ಬೆಳಗುತ್ತದೆ, ಆಳು ನೆರಳಾಗುತ್ತಾನೆ. ಆದರೂ ಕಬ್ಬಿನ ಸಿಪ್ಪೆಯ ಉರಿ, ಬೆಲ್ಲದ ಅಚ್ಚುಗಳ ಸಾಲು, ಗಾಣದ ಯಂತ್ರ ಎಲ್ಲವೂ ಗುರುತು ಸಿಗುವಂತಿವೆ. (ಅವಕೆಂಪು ಕಿರಣಗಳಲ್ಲಿ ಕಬ್ಬಿನ ಗದ್ದೆಯನ್ನು ಹಿಮದಂತೆ ಬೆಳ್ಳಗೆ ತೋರಿಸುವ ಚಮತ್ಕಾರ ಒಮ್ಮೆ ನೋಡಲು ಚೆನ್ನ.)

ಬೆಳ್ಳೂರಿನದೇ ಒಂದು ಚಿತ್ರವನ್ನು ಹವ್ಯಾಸಿ ಮಿತ್ರರೊಬ್ಬರು ಈಚೆಗೆ ತೋರಿಸಿದರು. ಹುಣಿಸೆಮರದ ತುಂಬ ಗೂಡುಗಳು, ಕೆಳಗೆ ಹಿಕ್ಕೆಯಿಂದ ಬೆಳ್ಳಗಾದ ಹೆಂಚಿನ ಮಾಡು, ಕಟ್ಟಿಹಾಕಿದ ಕರು. ಸ್ಪರ್ಧೆಗೆ ಏಕೆ ಕಳುಹಿಸಲಿಲ್ಲವೆಂದು ಕೇಳಿದೆ. “ಹಕ್ಕಿ ಚಿಕ್ಕದಾಯಿತು ಸ್ವಾಮಿ, ಮನೆ ದೊಡ್ಡದಾಯಿತು” ಎಂದರು. ಹಿಂಬದಿಯಲ್ಲಿ ದಿನಾಂಕವನ್ನು ಬರೆಯಿಸಿಕೊಂಡು ಅದರ ಪ್ರತಿಯೊಂದನ್ನು ವಿಭಾಗಕ್ಕೆ ಪಡೆದಿದ್ದೇನೆ.