ಕತೆ ಹೇಳುವ ನಿಯಮ

ಬೀಳಗಿ ತಾಲೂಕಿನ ಅನಗವಾಡಿಯಂಥ ಊರಿನ ಗುಡಿಕಟ್ಟೆಯ ಮೇಲೆ ಹುಲಿ-ಕುರಿ ಆಡಲು ಒಂದಿಷ್ಟು ಗೆರೆ, ಒಂದು ಹಿಡಿ ಹರಳು ಸಾಕು. 3 ಹುಲಿ, 15 ಕುರಿ. ಹುಲಿ ಕುರಿಯನ್ನು ಹಾರಿ ಆಚೆಯ ಖಾಲಿ ಮನೆಗೆ ಬಿದ್ದರೆ ಆ ಕುರಿ ಹೋಯಿತು. ಕುರಿಗೆ ಕೊಲ್ಲಲು ಬರುವುದಿಲ್ಲ. ಎಲ್ಲ ಕುರಿಗಳೂ ಇಳಿಯುವ ತನಕ ಇಟ್ಟದ್ದನ್ನು ಸರಿಸುವಂತೆಯೂ ಇಲ್ಲ. ಬೆನ್ನಿಗೆ ಇನ್ನೊಂದು ಕುರಿ ನಿಂತರೆ ಮಾತ್ರ ಮುಂದಿನದು ಬದುಕುತ್ತದೆ. ಹಾಗೆ ಒತ್ತಿ ನಿಂತು ಹುಲಿಗಳ ದಾರಿ ಕಟ್ಟಿದರೆ ಗೆಲುವು ಕುರಿಗಳದು. ಇಲ್ಲಿ ಒಂದೂ ಮಾತಿಲ್ಲ. ಆದರೂ ಒಂಟಿಯಾದವನು ಸಾಯುತ್ತಾನೆ ಎಂಬ ಕತೆಯನ್ನು ಆಡುವವರು ತಾವೇ ನಡೆಸಿ ಅರಿಯುತ್ತಾರೆ.

ವಿಡಿಯೋ ಗೇಮುಗಳನ್ನು ನಾನು ಅಳೆಯುವುದು ಇದೇ ಅಳತೆಯಲ್ಲಿ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ ಕಣ್ಣಿಗೆ ಹಬ್ಬ. ಅಸುರರು ಒಯ್ದ ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕತೆಯನ್ನು ತೊಗಲುಗೊಂಬೆಯ ನೆರಳುಗಳಲ್ಲಿ ಹೇಳುತ್ತಾರೆ. ಆ ಭಾಗಗಳು ನಿಜಕ್ಕೂ ಚೆಲುವಾಗಿವೆ. ಆದರೆ ಗೊಂಬೆಯಾಟ ಮುಗಿದು ನಿಯಂತ್ರಣ ನಮ್ಮ ಕೈಗೆ ಬಂದಾಗ, ನಡುವಿನ ಒಗಟುಗಳನ್ನು ಬಿಟ್ಟರೆ, ಉಳಿಯುವುದು ಹೊಡೆದಾಟ. ಅಕ್ಕನ ಸಂಕಟ ತೆರೆಯ ಮೇಲಿದೆ, ನಿಯಮದೊಳಗೆ ಇಳಿದಿಲ್ಲ. ತಮ್ಮನ ಬದಲು ನಿಧಿ ಹುಡುಕಲು ಹೊರಟಿದ್ದರೂ ಕತ್ತಿ ಹೀಗೆಯೇ ಬೀಸುತ್ತಿತ್ತು.

ನಮ್ಮ ಹುಡುಗರು ಮೊಬೈಲಿನಲ್ಲಿ ಆಡುವ ಬಿಜಿಎಂಐ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ: ವರ್ತುಲ ಕುಗ್ಗುತ್ತದೆ, ನೂರು ಜನ ಒತ್ತಟ್ಟಿಗೆ ಬರುತ್ತಾರೆ, ಕೊಂದವರು ಉಳಿಯುತ್ತಾರೆ. ಹೇಳುವ ಕತೆ ಬಡವಾದದ್ದು, ಆದರೆ ಹೇಳುತ್ತಿರುವುದು ನಿಯಮವೇ.

ನಿಯಮವನ್ನು ಒಣ ಲೆಕ್ಕವೆಂದು, ಕತೆಯ ವೈರಿಯೆಂದು ಕಾಣುವವರು ಸಭಾಪರ್ವವನ್ನು ನೋಡಬೇಕು. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಒಡ್ಡುವ ಹಕ್ಕು ಎಲ್ಲಿಯದು? ದ್ರೌಪದಿ ಎತ್ತಿದ್ದು ಪಗಡೆಯ ನಿಯಮದ ಪ್ರಶ್ನೆ. ಭೀಷ್ಮನ ಬಳಿಯೂ ಅದಕ್ಕೆ ಉತ್ತರವಿರಲಿಲ್ಲ.

ಬೀಳಗಿ ಸೀಮೆಯಲ್ಲಿ, ನಿಯಮವೇ ಕತೆ ಹೇಳುವಂಥ ಆಟಕ್ಕೆ ಕಾದಿರುವ ಕತೆಯೊಂದಿದೆ. ಆಲಮಟ್ಟಿಯ ಹಿನ್ನೀರು ಈ ತಾಲೂಕಿನ ಎಷ್ಟೋ ಹೊಲ, ಮನೆಗಳನ್ನು ನುಂಗಿದೆ. ಈಗ 519.60 ಮೀಟರ್ ಇರುವ ಮಟ್ಟವನ್ನು 524.256ಕ್ಕೆ ಏರಿಸಲು ಕೃಷ್ಣಾ ನ್ಯಾಯಾಧಿಕರಣ 2010ರಲ್ಲೇ ಒಪ್ಪಿದೆ. ಇದನ್ನು ಗೇಮ್ ಮಾಡುವವರು ಮುಳುಗುವ ಊರಿನ ಚಿತ್ರ ತೋರಿಸಿ, ಮರುಗುವ ಸಂಗೀತ ಹಾಕಿ ಸುಮ್ಮನಾಗಬಾರದು. ಸರದಿಗೊಮ್ಮೆ ನೀರು ಏರಬೇಕು. ಪರಿಹಾರದ ಹಣ ತಡವಾಗಿ, ಕಂತಿನಲ್ಲಿ ಬರಬೇಕು. ಆಟಗಾರನಿಗೆ ನೀರನ್ನು ಸೋಲಿಸುವ ದಾರಿಯೇ ಇರಬಾರದು. ದನವೋ, ತೊಲೆ-ಬಾಗಿಲೋ, ನಿಂತ ಕಬ್ಬೋ, ಯಾವುದನ್ನು ಮೊದಲು ಉಳಿಸಿಕೊಳ್ಳಬೇಕು ಎಂಬುದಷ್ಟೇ ಅವನ ಪಾಲಿನ ನಡೆಯಾಗಬೇಕು.